ಕೊಂಬಿನ ಓತಿಗೆ ಅಮೃತೂರಿನ ಇರುವೆ

ಗುಬ್ಬಿಗೆ ಹತ್ತಿರದ ಜಿಲ್ಲಾ ಪಟ್ಟಣದಲ್ಲಿ, ಸದಾಶಿವನಗರದ ಕೊಲ್ಲಾಪುರಮ್ಮನವರ ಮಹಡಿಯಲ್ಲಿ ಬಾಡಿಗೆಗಿದ್ದ ಯುವಕ ಜುಲೈ ಮೂರನೆಯ ವಾರ ಮನೆ ಖಾಲಿ ಮಾಡಿದ. ಕೆಲಸ ಹುಬ್ಬಳ್ಳಿಗೆ ವರ್ಗವಾಗಿದೆ ಎಂದು ಹೇಳಿ, ಕೀಲಿ ಕೊಟ್ಟು ಹೋದ. ಎರಡು ದಿನ ಬಿಟ್ಟು ಗುಡಿಸಲೆಂದು ಮೇಲೆ ಹೋದ ಕೊಲ್ಲಾಪುರಮ್ಮನವರಿಗೆ ಅಡುಗೆ ಕಟ್ಟೆಯ ಕೆಳಗೆ, ಸಿಲಿಂಡರ್ ಇಡುವ ಜಾಗದಲ್ಲಿ, ಒಂದು ಗಾಜಿನ ತೊಟ್ಟಿ ಕಂಡಿತು. ಮೀನು ಸಾಕುವಂಥದ್ದು. ಒಳಗೆ ನೀರಿರಲಿಲ್ಲ, ನಾಲ್ಕು ಬೆರಳು ಮರಳು, ಒಂದು ಬಾಟಲಿ ಮುಚ್ಚಳ, ಸತ್ತು ಒಣಗಿದ ಹತ್ತಾರು ಮಿಡತೆ. ಮೂಲೆಯಲ್ಲಿ ಅಂಗೈಯಷ್ಟು ಅಗಲದ ಚಪ್ಪಟೆ ಪ್ರಾಣಿಯೊಂದು ಮರಳಿನ ಬಣ್ಣದಲ್ಲೇ ಕೂತಿತ್ತು. ಮೈಯ ಅಂಚಿಗೆಲ್ಲ ಮುಳ್ಳು, ತಲೆಯ ಹಿಂದೆ ಮೋಟು ಕೊಂಬುಗಳ ಸಾಲು.

ಕೊಲ್ಲಾಪುರಮ್ಮನವರಿಗೆ ಎಪ್ಪತ್ತೆರಡು ವರ್ಷ. ಕೋರದ ಹತ್ತಿರದ ಹಳ್ಳಿಯಲ್ಲಿ ಬೆಳೆದವರಾದ್ದರಿಂದ ಹುಳಹುಪ್ಪಟೆಗೆ ಹೆದರುವವರಲ್ಲ. ತೊಟ್ಟಿಯ ಮೇಲೆ ಮೊರ ಮುಚ್ಚಿ, ಪಕ್ಕದ ಮನೆಯ ರೂಪಶ್ರೀಯನ್ನು ಕರೆದರು. ರೂಪಶ್ರೀ ಊರಿನ ಖಾಸಗಿ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ.

"ನೋಡಮ್ಮ, ಇದು ಕಪ್ಪೆನೋ ಓತಿಕ್ಯಾತನೋ ಗೊತ್ತಾಗ್ತಿಲ್ಲ. ಜೀವ ಐತೆ, ಹೊಟ್ಟೆ ಆಡ್ತೈತೆ," ಎಂದರು ಕೊಲ್ಲಾಪುರಮ್ಮ.

ರೂಪಶ್ರೀ ನೆಲದ ಮೇಲೆ ಮಂಡಿಯೂರಿ ನೋಡಿದಳು. ನೋಡಿದ ಕ್ಷಣವೇ ಗುರುತು ಸಿಕ್ಕಿತು, ಆದರೆ ನಂಬಲಾಗಲಿಲ್ಲ. ಅವಳ ಕಾಲೇಜಿನ ಮ್ಯೂಸಿಯಂನಲ್ಲಿ ಫಾರ್ಮಲಿನ್ ತುಂಬಿದ ಜಾಡಿಯೊಳಗೆ ಇಂಥದ್ದೊಂದಿತ್ತು. ಎಷ್ಟೋ ವರ್ಷ ಹಳೆಯದು, ಬಿಳಿಚಿಕೊಂಡದ್ದು. ಫ್ರೈನೋಸೋಮ, ಕೊಂಬಿನ ಓತಿ. ಪ್ರಾಕ್ಟಿಕಲ್ ಪರೀಕ್ಷೆಗೆ ಅದರ ಮೇಲೆ ಐದು ಅಂಶ ಬರೆಯಬೇಕು: ಅಮೆರಿಕದ ಒಣ ಸೀಮೆಯದು, ಮೈ ಚಪ್ಪಟೆ, ಮುಳ್ಳುಗಳಿವೆ, ಮುಖ್ಯ ಆಹಾರ ಇರುವೆ, ಶತ್ರು ಮೇಲೆ ಬಿದ್ದರೆ ಕಣ್ಣಿನಿಂದ ರಕ್ತ ಚಿಮ್ಮಿಸುತ್ತದೆ. ಇಪ್ಪತ್ತೆರಡು ವರ್ಷದಿಂದ ಅವಳು ಈ ಐದು ಅಂಶವನ್ನು ಬರೆಸುತ್ತ ಬಂದಿದ್ದಳು. ಜೀವಂತವಾದ ಒಂದನ್ನು ನೋಡುವ ಯೋಚನೆಯೂ ಅವಳಿಗೆ ಬಂದಿರಲಿಲ್ಲ.

"ಇದು ನಮ್ಮ ಕಡೇದಲ್ಲ ಅಮ್ಮ. ಯಾರೋ ಕದ್ದು ತರಿಸಿ ಮಾರಿರ್ತಾರೆ. ಫಾರೆಸ್ಟ್‌ನೋರಿಗೆ ಹೇಳ್ಬೇಕು," ಎಂದಳು.

ಮಧ್ಯಾಹ್ನ ಅರಣ್ಯ ಇಲಾಖೆಯ ನಾಗೇಶ್ ಬಂದರು. ಮೂವತ್ತೈದರ ವಯಸ್ಸು, ಚಿರತೆ ಬೋನು ಇಟ್ಟು ಇಟ್ಟು ಸುಸ್ತಾದ ಮುಖ. ಯುವಕನ ಫೋನ್ ಸ್ವಿಚ್ ಆಫ್ ಆಗಿತ್ತು. ಮಹಜರು ಬರೆದು, 'ವಿದೇಶಿ ಓತಿಕ್ಯಾತ, ಸಂಖ್ಯೆ ಒಂದು' ಎಂದು ನಮೂದಿಸಿ, ಕೊಲ್ಲಾಪುರಮ್ಮನವರ ಸಹಿ ಪಡೆದರು. ಬೆಂಗಳೂರಿನ ಹೊರಗಿರುವ ವನ್ಯಜೀವಿ ಪುನರ್ವಸತಿ ಕೇಂದ್ರವೊಂದಕ್ಕೆ ಫೋನ್ ಮಾಡಿದರೆ, ಪತ್ರ ಕಳಿಸಿ, ಮೇಲಿನ ಅನುಮತಿ ಬಂದ ಮೇಲೆ ತಗೋತೀವಿ, ಎರಡು ಮೂರು ವಾರ ಆಗಬಹುದು ಎಂದರಂತೆ.

"ಮೇಡಂ, ಆಫೀಸಲ್ಲಿ ಇಟ್ಕೊಂಡ್ರೆ ನಾಳಿದ್ದಿಗೆ ಸತ್ತೋಗುತ್ತೆ. ನಿಮ್ಮ ಹತ್ರ ಇರ್ಲಿ. ಡಿಪಾರ್ಟ್‌ಮೆಂಟ್ ಕಡೆಯಿಂದ ಲೆಟರ್ ಕೊಡ್ತೀನಿ," ಎಂದರು ನಾಗೇಶ್.

"ನಾನು ಜಾಡೀಲಿರೋದು ಬಿಟ್ರೆ ಯಾವ್ದನ್ನೂ ಸಾಕಿಲ್ಲ ಸರ್."

"ನಾನು ಇದರ ಹೆಸ್ರೇ ಕೇಳಿಲ್ಲ ಮೇಡಂ."

ಹೀಗೆ ಅದು ರೂಪಶ್ರೀಯ ಮನೆಗೆ ಬಂತು. ಅವಳ ಗಂಡ ಪ್ರಭುದೇವ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರಿ; ಸಂಜೆ ಬಂದವನು ಊಟದ ಮೇಜಿನ ಮೇಲೆ ತೊಟ್ಟಿ ನೋಡಿ, ತಟ್ಟೆ ಹಿಡಿದುಕೊಂಡು ನಡುಮನೆಗೆ ಹೋಗಿ ಊಟ ಮಾಡಿದ.

ಓತಿ ಕದಲುತ್ತಿರಲಿಲ್ಲ. ಬೆನ್ನಿನ ಚರ್ಮ ಸಡಿಲಾಗಿತ್ತು, ಆದರೆ ಹೊಟ್ಟೆ ಮಾತ್ರ ಎರಡೂ ಬದಿಗೆ ಉಬ್ಬಿತ್ತು. ತಿನ್ನದಿದ್ದರೂ ಹೊಟ್ಟೆ ಯಾಕೆ ಉಬ್ಬಿದೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಮರಳು ನುಂಗಿರಬೇಕು ಅಂದುಕೊಂಡಳು. ಮಿಡತೆಯನ್ನು ಅದು ಮುಟ್ಟಿಲ್ಲವೆಂಬುದು ಆ ಒಣಗಿದ ರಾಶಿಯಿಂದಲೇ ಗೊತ್ತಾಗುತ್ತಿತ್ತು. ಇರುವೆ ಬೇಕು. ಮಾರನೆಯ ದಿನ ಬೆಳಿಗ್ಗೆ ಕಾಂಪೌಂಡ್ ಗೋಡೆಯ ಬುಡದಲ್ಲಿ ಹರಿಯುತ್ತಿದ್ದ ಸಣ್ಣ ಕೆಂಪಿರುವೆಗಳನ್ನು ಬೆಲ್ಲದ ಚೂರಿಗೆ ಹತ್ತಿಸಿ ತಂದು ತೊಟ್ಟಿಯೊಳಗೆ ಉದುರಿಸಿ, ಕಾಲೇಜಿಗೆ ಹೊರಡಲು ಸೀರೆ ಉಡಲು ಹೋದಳು. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ, ಓತಿ ಇರುವೆಯನ್ನು ತಿನ್ನುತ್ತಿರಲಿಲ್ಲ. ಇರುವೆಗಳೇ ಅದನ್ನು ಮುತ್ತಿದ್ದವು. ರೆಪ್ಪೆಯ ಅಂಚಿನಲ್ಲಿ, ಬಾಯಿಯ ಸಂದಿಯಲ್ಲಿ, ಬೆರಳುಗಳ ನಡುವೆ ಕಚ್ಚಿ ಹಿಡಿದಿದ್ದವು. ಓತಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಸುಮ್ಮನೆ ಸಹಿಸುತ್ತಿತ್ತು.

ಅವಳು ಅದನ್ನು ಎತ್ತಿ, ಬಚ್ಚಲಲ್ಲಿ ಕೂತು, ಪೇಂಟಿಂಗ್ ಬ್ರಶ್ಶಿನಿಂದ ಒಂದೊಂದೇ ಇರುವೆಯನ್ನು ಬಿಡಿಸಿದಳು. ಮುಕ್ಕಾಲು ಗಂಟೆ ಹಿಡಿಯಿತು. ಮೊದಲ ಪೀರಿಯಡ್ ತಪ್ಪಿತು. ಅವಳ ಬೆರಳುಗಳೂ ಉರಿಯುತ್ತಿದ್ದವು. ಪುಸ್ತಕದಲ್ಲಿ ಇರುವೆ ಎಂದು ಬರೆದಿತ್ತೇ ಹೊರತು ಯಾವ ಇರುವೆ, ಎಂಥ ಹೊತ್ತಿನಲ್ಲಿ ಎಂದು ಬರೆದಿರಲಿಲ್ಲ. ಅವಳೂ ಯಾವತ್ತೂ ಕೇಳಿಕೊಂಡಿರಲಿಲ್ಲ.

ಆ ದಿನ ಲೈಬ್ರರಿಯಲ್ಲೂ ಕಂಪ್ಯೂಟರಿನಲ್ಲೂ ಹುಡುಕಿ ಓದಿದಳು. ಅದು ಹೆಚ್ಚಾಗಿ ತಿನ್ನುವುದು ಕಾಳು ಕೂಡಿಡುವ ಇರುವೆಗಳನ್ನು. ಅಂಥವು ನಮ್ಮಲ್ಲೂ ಇವೆ. ಎಲ್ಲಿ ಎಂದು ಕೇಳಲು ಅವಳಿಗೆ ಒಬ್ಬರೇ ನೆನಪಾದರು: ಚಿಕ್ಕರಂಗಯ್ಯ. ಅವಳ ವಿಭಾಗದಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದು, ನಾಲ್ಕು ವರ್ಷದ ಹಿಂದೆ ನಿವೃತ್ತರಾಗಿ ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ ತೋಟ, ಹೊಲ ನೋಡಿಕೊಂಡಿದ್ದವರು. ಕಾಲೇಜಿನಲ್ಲಿ ಪ್ರಾಣಿಗಳನ್ನು ಕೊಯ್ದು ಕಲಿಸುತ್ತಿದ್ದ ಕಾಲದಲ್ಲಿ ಕಪ್ಪೆ, ಜಿರಲೆ, ಎರೆಹುಳು ಎಲ್ಲವನ್ನೂ ಹಿಡಿದು ತರುತ್ತಿದ್ದವರು ಅವರೇ.

"ಬಿತ್ತಿದ ರಾಗೀನ ಹೊತ್ಕೊಂಡು ಹೋಗ್ತವಲ್ಲ, ಆ ಇರುವೆ ಬೇಕಿತ್ತು ಚಿಕ್ಕರಂಗಯ್ಯನೋರೆ," ಎಂದಳು ಫೋನಿನಲ್ಲಿ.

"ಮೊನ್ನೆ ತಾನೆ ಬಿತ್ತೀವಿ ಮೇಡಂ. ಸಾಲು ಸಾಲೇ ಹೊಡ್ಕೊಂಡು ಹೋಗ್ತಾ ಅವೆ. ಎಷ್ಟು ಬೇಕು?"

"ದಿನಕ್ಕೆ ಒಂದು ನೂರು."

"ಎಣಿಸಿ ಕೊಡ್ಬೇಕಾ?" ಎಂದರು ಚಿಕ್ಕರಂಗಯ್ಯ.

ಮರುದಿನ ಹನ್ನೊಂದಕ್ಕೆ ಚಿಕ್ಕರಂಗಯ್ಯ ಖಾಸಗಿ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಬಾಯಿಗೆ ತೆಳು ಬಟ್ಟೆ ಕಟ್ಟಿದ್ದು. ಗೂಡಿನ ದಾರಿಯಲ್ಲಿ ಸ್ಟೀಲ್ ಲೋಟ ಹೂಳಿ, ಒಳಗೋಡೆಗೆ ಮುಖಕ್ಕೆ ಹಾಕುವ ಪೌಡರ್ ಬಳಿದಿದ್ದರಂತೆ. ಬಿದ್ದ ಇರುವೆ ಜಾರಿ ಮೇಲೆ ಹತ್ತಲಾಗದೆ ಅಲ್ಲೇ ಉಳಿಯುತ್ತದೆ. ಪೌಡರ್ ಡಬ್ಬಿ ಖಾಲಿಯಾದದ್ದಕ್ಕೆ ಹೆಂಡತಿ ಹನುಮಕ್ಕ ಬೈದರಂತೆ. ಬಸ್ಸಿನಲ್ಲಿ ಕಂಡಕ್ಟರ್ ಬಾಟಲಿ ನೋಡಿ ಏನಿದು ಎಂದಾಗ, "ಓತಿಕ್ಯಾತನಿಗೆ ಊಟ," ಎಂದು ನಿಜವನ್ನೇ ಹೇಳಿದ್ದರು. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ.

ಚಿಕ್ಕರಂಗಯ್ಯ ತೊಟ್ಟಿಯೊಳಗೆ ಕೈಯಿಟ್ಟು ಓತಿಯ ಹೊಟ್ಟೆಯ ಅಡಿ ಮುಟ್ಟಿದರು.

"ತಣ್ಣಗೈತೆ ಮೇಡಂ. ಕಾವು ಬಿಟ್ಟ ಕೋಳಿ ಮೊಟ್ಟೆ ಇದ್ದಂಗೈತೆ. ಮೈ ಬಿಸಿ ಆಗ್ದೆ ಇದು ಹೆಂಗೆ ಬಾಯಿ ತೆಗೀತದೆ?"

ಆಷಾಢ ಮುಗಿಯುತ್ತ ಬಂದಿತ್ತು. ಒಂದು ವಾರದಿಂದ ಮೋಡ, ಗಾಳಿ, ಆಗಾಗ ಜಡಿಮಳೆ. ತಂಪು ರಕ್ತದ ಪ್ರಾಣಿ ಬಿಸಿಲಿಲ್ಲದೆ ಅಲುಗಾಡದು ಎಂಬುದನ್ನೂ ರೂಪಶ್ರೀ ಪಾಠ ಮಾಡಿದ್ದಳು. ಎಲ್‌ಇಡಿ ಬಲ್ಬಿನಿಂದ ಶಾಖ ಬರದು. ಹಳೆಯ ತಂತಿ ಬಲ್ಬಿಗೆ ಎರಡು ಅಂಗಡಿ ತಿರುಗಿದರೂ ಸಿಗಲಿಲ್ಲ. ಆಗ ಚಿಕ್ಕರಂಗಯ್ಯನವರೇ, ಮರಿ ಮಾಡಲು ಕೋಳಿಮೊಟ್ಟೆ ಇಡುತ್ತಿದ್ದ ಹಳೇ ಪೆಟ್ಟಿಗೆ ವಿಭಾಗದ ಬೀರುವಿನ ಮೇಲೆ ಇರಬೇಕು, ಅದರಲ್ಲಿ ಎರಡು ಬಲ್ಬ್ ಇವೆ ಎಂದರು. ಇದ್ದವು. ಒಂದು ಉರಿಯಿತು.

ಬಲ್ಬು ಹಾಕಿ ಒಂದು ಗಂಟೆಗೆ ಓತಿ ಕಣ್ಣು ಬಿಟ್ಟಿತು. ಮೈಯನ್ನು ರೊಟ್ಟಿಯಂತೆ ಅಗಲ ಮಾಡಿ, ಬೆಳಕಿನ ಕಡೆಗೆ ಓರೆಯಾಗಿಸಿತು. ಮೈ ಬೂದಿಯಿಂದ ಕಂದುಬಣ್ಣಕ್ಕೆ ತಿರುಗಿತು. ಚಿಕ್ಕರಂಗಯ್ಯ ಬಟ್ಟೆ ಸಡಿಲಿಸಿ ಹತ್ತು ಇರುವೆಗಳನ್ನಷ್ಟೇ ಬಿಟ್ಟರು. ಓತಿ ತಲೆಯನ್ನು ಸ್ವಲ್ಪ ಓರೆ ಮಾಡಿ, ಹತ್ತಿರ ಬಂದ ಇರುವೆಯನ್ನು ನೋಡಿತು. ನಾಲಿಗೆ ಹೊರಬಂದದ್ದು ಕಾಣಲೇ ಇಲ್ಲ; ಇರುವೆ ಇದ್ದ ಜಾಗದಲ್ಲಿ ಇರುವೆ ಇರಲಿಲ್ಲ, ಅಷ್ಟೆ. ಅದು ಅಗಿಯಲಿಲ್ಲ. ಕಣ್ಣು ಮುಚ್ಚಿ ನುಂಗಿತು, ಇನ್ನೊಂದಕ್ಕೆ ಕಾಯಿತು.

ಇಬ್ಬರೂ ಊಟ ಮರೆತು ನೋಡುತ್ತ ಕೂತರು. ಅರವತ್ತೆರಡು ತಿಂದ ಮೇಲೆ ಓತಿ ನಿಲ್ಲಿಸಿತು. ಉಳಿದವನ್ನು ಚಿಕ್ಕರಂಗಯ್ಯ ಬ್ರಶ್ಶಿನಿಂದ ಹಿಡಿದು ಬಾಟಲಿಗೆ ಹಾಕಿದರು.

"ನಾನು ದಿನ ಬಿಟ್ಟು ದಿನ ಬತ್ತೀನಿ ಬುಡಿ," ಎಂದರು. "ಅಲ್ಲಿ ಹೆಂಗೂ ರಾಗಿ ತಿಂತಾ ಅವೆ. ಇಲ್ಲಿ ಇದಾದ್ರೂ ತಿನ್ಲಿ."

ಆಮೇಲಿನ ದಿನಗಳಲ್ಲಿ ರೂಪಶ್ರೀ ಒಂದು ನೋಟ್‌ಬುಕ್ ಇಟ್ಟಳು. ಬೆಳಿಗ್ಗೆ ಅದು ಮರಳಿನಿಂದ ತಲೆಯಷ್ಟನ್ನೇ ಹೊರಗಿಟ್ಟು, ತಲೆ ಬಿಸಿಯಾದ ಮೇಲೆ ಮೈ ಎಳೆದುಕೊಳ್ಳುತ್ತಿತ್ತು. ಸಂಜೆ ಮೂತಿಯಿಂದ ಮರಳನ್ನು ಅತ್ತಿತ್ತ ತಳ್ಳುತ್ತ, ನಿಮಿಷದೊಳಗೆ ಹೂತುಹೋಗುತ್ತಿತ್ತು. ಬಿಸಿಲು ಬಿದ್ದ ದಿನ ಅವಳು ತೊಟ್ಟಿಯನ್ನು ಕೊಲ್ಲಾಪುರಮ್ಮನವರ ತಾರಸಿಗೆ ಒಯ್ದು ಮುಚ್ಚಳ ತೆಗೆದಿಡುತ್ತಿದ್ದಳು. ಅವರ ಮನೆಯ ತಾರಸಿಗೆ ಬೆಳಗಿನ ಬಿಸಿಲು ಚೆನ್ನಾಗಿ ಬರುತ್ತಿತ್ತು. ಒಮ್ಮೆ ಹದ್ದಿನ ನೆರಳು ಹಾದುಹೋದಾಗ ಓತಿ ಓಡಲಿಲ್ಲ; ಮರಳಿಗೆ ಅಂಟಿಕೊಂಡು ಕಲ್ಲಾಯಿತು. ಅವಳು ಎತ್ತಿಕೊಂಡರೆ ಮೈ ಉಬ್ಬಿಸಿ ಮುಳ್ಳು ನಿಮಿರಿಸುತ್ತಿತ್ತು. ಕಣ್ಣಿನಿಂದ ರಕ್ತ ಮಾತ್ರ ಬರಲಿಲ್ಲ. ಆ ಅಂಶ ಬರೀ ಕಥೆ ಇರಬಹುದೇ ಎಂದು ಅವಳಿಗೆ ಅನುಮಾನ ಬಂತು.

ಆಗಸ್ಟ್ ಮೊದಲ ಶನಿವಾರ ಆ ಅನುಮಾನ ಹೋಯಿತು. ತಾರಸಿಯ ಬಾಗಿಲು ಹಾಕುವುದನ್ನು ಮರೆತು ಕೊಲ್ಲಾಪುರಮ್ಮ ಹಪ್ಪಳ ಒಣಗಿಸುತ್ತಿದ್ದರು. ಅವರ ನಾಯಿ ಜಿಮ್ಮಿ ಮೇಲೆ ಬಂದು, ತೊಟ್ಟಿಯೊಳಗೆ ಮೂತಿ ತೂರಿಸಿ, ಓತಿಯನ್ನು ಬಾಯಲ್ಲಿ ಎತ್ತಿಕೊಂಡಿತು. ಕೊಲ್ಲಾಪುರಮ್ಮ ಕೂಗಿದ್ದು ಕೇಳಿ ರೂಪಶ್ರೀ ಓಡಿ ಬರುವಷ್ಟರಲ್ಲಿ ನಾಯಿ ಓತಿಯನ್ನು ಉಗುಳಿ, ತಲೆ ಕೊಡವುತ್ತ, ನೊರೆ ಸುರಿಸುತ್ತ, ಮೂತಿಯನ್ನು ನೆಲಕ್ಕೆ ಉಜ್ಜುತ್ತಿತ್ತು. ಅದರ ಮುಖದ ಮೇಲೆ, ಹಪ್ಪಳದ ಮೇಲೆ, ಗೋಡೆಯ ಮೇಲೆ ಕೆಂಪು ಹನಿಗಳಿದ್ದವು. ಓತಿಯ ಎಡಗಣ್ಣು ಊದಿಕೊಂಡು, ಸುತ್ತ ರಕ್ತ ಹೆಪ್ಪುಗಟ್ಟಿತ್ತು.

"ಕಣ್ಣು ಹೋಯ್ತು ಕಣಮ್ಮ. ನಾನು ಬಾಗ್ಲು ಹಾಕ್ಬೇಕಿತ್ತು," ಎಂದು ಕೊಲ್ಲಾಪುರಮ್ಮ ಅಲ್ಲೇ ಕೂತುಬಿಟ್ಟರು.

"ಕಣ್ಣು ಹೋಗಿಲ್ಲ ಅಮ್ಮ. ಅದೇ ಚಿಮ್ಮಿಸಿರೋದು. ನಾಯಿ ಜಾತಿಗೆ ಆ ರಕ್ತದ ರುಚಿ ಆಗಲ್ಲ, ಬಿಟ್ಬಿಡ್ತವೆ."

"ಸುಮ್ನೆ ನನ್ನ ಸಮಾಧಾನಕ್ಕೆ ಹೇಳ್ಬೇಡ."

ರೂಪಶ್ರೀ ಒದ್ದೆ ಹತ್ತಿಯಿಂದ ನಿಧಾನವಾಗಿ ಒರೆಸಿದಳು. ರಕ್ತದ ಕೆಳಗೆ ಕಣ್ಣು ಕರಿಮಣಿಯಂತೆ ಇತ್ತು. ಓತಿ ರೆಪ್ಪೆ ಬಡಿಯಿತು. ಕೊಲ್ಲಾಪುರಮ್ಮ ಅದನ್ನು ಬಗ್ಗಿ ಎರಡು ಸಲ ನೋಡಿ, ಎದ್ದು, ರಕ್ತ ಬಿದ್ದ ಹಪ್ಪಳವನ್ನು ಆರಿಸಿ ಬಿಸಾಕಿದರು. ತಾನು ಮಕ್ಕಳಿಂದ ಬರೆಸುತ್ತಿದ್ದ ಆ ಒಂದು ಸಾಲು ನಿಜವಾಗಲು ಪ್ರಾಣಿಗೆ ಇಷ್ಟೊಂದು ಹೆದರಿಕೆಯಾಗಬೇಕೆಂದು ರೂಪಶ್ರೀಗೆ ಗೊತ್ತಿರಲಿಲ್ಲ.

ಆಮೇಲೆ ಎರಡು ದಿನ ಓತಿ ಇರುವೆ ಮುಟ್ಟಲಿಲ್ಲ. ನಾಯಿ ಹಿಡಿದದ್ದರಿಂದ ಒಳಗೆ ಪೆಟ್ಟಾಗಿರಬೇಕು ಎಂದು ಅವಳು ನಾಗೇಶ್‌ಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡಳು. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ಚಿಕ್ಕರಂಗಯ್ಯ ಬಾಟಲಿ ಹಿಡಿದು ಒಳಗೆ ಬಂದಾಗಲೇ ಓತಿ ಹಿಂಗಾಲುಗಳನ್ನು ಎತ್ತರಿಸಿ ನಿಂತಿತ್ತು. ಅದರ ಹಿಂದೆ ಮರಳಿನ ಮೇಲೆ, ಸಿಪ್ಪೆ ಸುಲಿದ ಹುಣಸೆ ಬೀಜದಷ್ಟು ದೊಡ್ಡ, ಹೊಳೆಯುವ ಒಂದು ಚೀಲ ಬಿದ್ದಿತ್ತು. ನೋಡನೋಡುತ್ತ ಚೀಲ ಒದ್ದಾಡಿ ಹರಿಯಿತು. ಒಳಗಿಂದ ಉಗುರಿನಷ್ಟು ಅಗಲದ, ಕೊಂಬಿನ ಗುರುತಷ್ಟೇ ಇದ್ದ ಪೂರ್ತಿ ಓತಿಯೊಂದು ಹೊರಬಂದು, ಎರಡು ಹೆಜ್ಜೆ ಇಟ್ಟು, ಮೂತಿ ಆಡಿಸಿ ಮರಳಿನಲ್ಲಿ ಮರೆಯಾಯಿತು.

"ಮೇಡಂ, ಇದು ಮರಿ ಹಾಕ್ತಾ ಐತೆ," ಎಂದರು ಚಿಕ್ಕರಂಗಯ್ಯ.

"ಇದು ಮೊಟ್ಟೆ ಇಡೋ ಪ್ರಾಣಿ," ಎಂದಳು ರೂಪಶ್ರೀ. ಹಾಗೆ ಹೇಳುತ್ತಿರುವಾಗಲೇ ಎರಡನೆಯದು ಬಂತು.

ಮಧ್ಯಾಹ್ನ ಒಂದರ ಹೊತ್ತಿಗೆ ಹದಿನೇಳು ಬಂದಿದ್ದವು. ಅವುಗಳಲ್ಲಿ ಎರಡು ಚೀಲ ಒಡೆಯಲೇ ಇಲ್ಲ; ಜೀವಂತ ಮರಿ ಹದಿನೈದು. ತಾಯಿ ಮರಿಗಳ ಕಡೆ ತಿರುಗಿಯೂ ನೋಡಲಿಲ್ಲ. ಬದಿಯ ಚರ್ಮ ಜೋತುಬಿದ್ದು, ಬಲ್ಬಿನ ಕೆಳಗೆ ಕಣ್ಣು ಮುಚ್ಚಿ ಮಲಗಿತು. ಸಂಜೆ ಹುಡುಕಿ ಓದಿದಾಗ ತಿಳಿಯಿತು: ಕೊಂಬಿನ ಓತಿಗಳಲ್ಲಿ ಮೊಟ್ಟೆಯಿಡುವ ಜಾತಿಗಳೇ ಹೆಚ್ಚು, ಆದರೆ ಎತ್ತರದ ತಂಪು ಸೀಮೆಯಲ್ಲಿರುವ ಮೋಟುಕೊಂಬಿನ ಕೆಲವು ಜಾತಿಗಳು ಮರಿ ಹಾಕುತ್ತವೆ. ಚಳಿ ನೆಲದಲ್ಲಿ ಮೊಟ್ಟೆ ಒಡೆಯದು. ತಾಯಿಯೇ ಹೊಟ್ಟೆಯಲ್ಲಿಟ್ಟುಕೊಂಡು ಬಿಸಿಲು ಹುಡುಕಿ ತಿರುಗುತ್ತದೆ.

ಅದನ್ನು ಓದುವಾಗ ಅವಳಿಗೆ ಇಂಪನಾ ನೆನಪಾದಳು. ಒಂಬತ್ತು ವರ್ಷದ ಹಿಂದಿನ ವಿದ್ಯಾರ್ಥಿನಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ 'ಕೆಲವು ಮರಿ ಹಾಕುತ್ತವೆ' ಎಂದು ಆರನೆಯ ಅಂಶವಾಗಿ ಬರೆದಿದ್ದಳು. ರೂಪಶ್ರೀ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, ವೈವಾದಲ್ಲಿ ಎಲ್ಲರೆದುರು, ಎಲ್ಲಿ ಓದಿದೆ, ಟಿವಿಯಲ್ಲಾ ಎಂದು ಕೇಳಿದ್ದಳು. ಹುಡುಗಿ ತಲೆ ತಗ್ಗಿಸಿದ್ದಳು. ರೂಪಶ್ರೀ ಈಗ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ನಂಬರ್ ಹುಡುಕಿ ಫೋನ್ ಮಾಡಿದಳು. ಇಂಪನಾ ಈಗ ಗುಬ್ಬಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ.

"ನಾನು ತಪ್ಪು ಹಾಕಿದ್ದೆ ನಿಂಗೆ. ನಮ್ಮನೇಲೇ ಒಂದು ಕೊಂಬಿನ ಓತಿ ಮರಿ ಹಾಕಿದೆ. ನೀನು ಬರೆದಿದ್ದೇ ಸರಿ," ಎಂದಳು ರೂಪಶ್ರೀ.

"ಹೌದಾ ಮ್ಯಾಮ್? ನಂಗೆ ಅದು ನೆನಪೇ ಇಲ್ಲ," ಎಂದಳು ಇಂಪನಾ. "ಮರಿ ನೋಡೋಕೆ ಬರ್ಲಾ?" ಭಾನುವಾರ ಬಂದು, ಎರಡು ಗಂಟೆ ತೊಟ್ಟಿಯ ಮುಂದೆ ಕೂತು ಹೋದಳು.

ನಾಗೇಶ್‌ಗೆ ಬೇರೆ ತಲೆನೋವು ಶುರುವಾಯಿತು. "ಮೇಡಂ, ಮಹಜರಲ್ಲಿ ಒಂದೇ ಇರೋದು. ಈಗ ತಾಯಿ ಸೇರಿ ಹದಿನಾರು ಅಂದ್ರೆ ನನ್ನ ಸಾಹೇಬರು ಏನಂತಾರೆ?"

"ಹುಟ್ಟಿದ್ದನ್ನ ಹುಟ್ಟಿದೆ ಅಂತ ಬರೀರಿ ಸರ್. ಚಿಕ್ಕರಂಗಯ್ಯನೋರು ಸಾಕ್ಷಿ ಸಹಿ ಹಾಕ್ತಾರೆ."

ಅವಳಿಗಿದ್ದ ತಲೆನೋವು ಇನ್ನೂ ದೊಡ್ಡದು. ಅಮೃತೂರಿನ ಇರುವೆ ಮರಿಗಳ ಬಾಯಿಗೆ ಹಿಡಿಸುತ್ತಿರಲಿಲ್ಲ. ಮೂರನೆಯ ದಿನ ಎರಡು ಮರಿ ಸತ್ತವು, ನಾಲ್ಕನೆಯ ದಿನ ಇನ್ನೊಂದು. ಅವಳು ಅವನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಅಡುಗೆಮನೆಯಲ್ಲಿ ನಿಂತಿದ್ದಾಗ ಪ್ರಭುದೇವ ನೀರು ಕುಡಿಯಲು ಬಂದ. ಇಷ್ಟು ದಿನ ಅವನು ಓತಿಯ ವಿಚಾರದಲ್ಲಿ ಬಾಯಿ ಹಾಕಿರಲಿಲ್ಲ.

"ಎಷ್ಟು ಸಣ್ಣ ಇರುವೆ ಬೇಕು?" ಎಂದ.

"ಸಾಸಿವೆಗಿಂತ ಸಣ್ಣದು. ಕಚ್ಚಬಾರದು."

"ನಮ್ಮ ಗೋಡೌನಲ್ಲಿ ಕೊಬ್ಬರಿ ಚೂರಿಗೆ ಹತ್ತುತ್ತಲ್ಲ, ಅದು ಕಚ್ಚಲ್ಲ. ಕಣ್ಣಿಗೆ ಕಾಣೋದೇ ಕಷ್ಟ."

ಮರುದಿನ ಅವನು ಗುಬ್ಬಿಯಿಂದ ಕೊಬ್ಬರಿ ಚೂರುಗಳಿದ್ದ ಡಬ್ಬಿ ತಂದ. ಪುಡಿ ಉದುರಿದಂತೆ ಕಾಣುವ ಇರುವೆಗಳು. ಮರಿಗಳು ಮರಳಿನಿಂದ ಎದ್ದು, ತಾಯಿ ಮಾಡಿದಂತೆಯೇ ತಲೆ ಓರೆ ಮಾಡಿ, ನಾಲಿಗೆ ಹಾಕಿದವು. ಅವತ್ತು ಪ್ರಭುದೇವ ಊಟದ ತಟ್ಟೆಯನ್ನು ಮೇಜಿಗೇ ತಂದು, ತೊಟ್ಟಿಯ ಪಕ್ಕದಲ್ಲಿ ಕೂತು ಉಂಡ.

ಅನುಮತಿ ಪತ್ರ ಆಗಸ್ಟ್ ಇಪ್ಪತ್ತರ ಆಸುಪಾಸಿಗೆ ಬಂತು. ಬೆಳಿಗ್ಗೆ ಆರಕ್ಕೆ ಇಲಾಖೆಯ ಜೀಪಿನಲ್ಲಿ ನಾಗೇಶ್, ರೂಪಶ್ರೀ, ಬಾಟಲಿ ಹಿಡಿದ ಚಿಕ್ಕರಂಗಯ್ಯ ಹೊರಟರು. ತೊಟ್ಟಿಯನ್ನು ರೂಪಶ್ರೀ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕೇಂದ್ರದಲ್ಲಿ ಭೂಮಿಕಾ ಎಂಬ ಪಶುವೈದ್ಯೆ ಅವರಿಗಾಗಿ ಕಾದಿದ್ದರು. ಬಿಸಿಲು ಬೀಳುವ ಕಡೆ ಜಾಲರಿ ಹಾಕಿದ ಕೋಣೆ ಸಿದ್ಧವಿತ್ತು. ಇರುವೆ ಹಿಡಿಯುವ ಬಗೆಯನ್ನು ಚಿಕ್ಕರಂಗಯ್ಯ ಅಲ್ಲಿನ ಕೆಲಸಗಾರರಿಗೆ ಲೋಟ ಹೂಳಿ ತೋರಿಸಿದರು. ಕೇಂದ್ರದ ಹಿಂದಿನ ಬಯಲಿನಲ್ಲೇ ಕಾಳು ಹೊರುವ ಇರುವೆಯ ಮೂರು ಗೂಡು ಸಿಕ್ಕವು.

ಸಹಿ ಹಾಕುವ ಮೊದಲು ಎಣಿಸಬೇಕಿತ್ತು. ತಾಯಿ ಕಣ್ಣೆದುರೇ ಇತ್ತು. ಮರಿಗಳೆಲ್ಲ ಜೀಪಿನ ಕುಲುಕಾಟಕ್ಕೆ ಮರಳಿನೊಳಗೆ ಇಳಿದಿದ್ದವು.

"ಅಗೆದು ತೆಗೆಯೋಣ್ವಾ?" ಎಂದರು ನಾಗೇಶ್.

"ಬೇಡ ಸರ್, ಪೆಟ್ಟಾಗುತ್ತೆ. ಬಿಸಿಲು ಬರ್ಲಿ, ಅವೇ ಬರ್ತವೆ."

ನಾಲ್ವರೂ ಕೋಣೆಯ ಸಿಮೆಂಟ್ ನೆಲದ ಮೇಲೆ ಕೂತು ಕಾದರು. ಯಾರೋ ಟೀ ತಂದುಕೊಟ್ಟರು. ಒಂಬತ್ತೂವರೆಗೆ ಮೋಡ ಸರಿಯಿತು. ಮರಳಿನ ಮೇಲೆ ಮೊದಲ ತಲೆ ಎದ್ದಿತು, ಸ್ವಲ್ಪ ದೂರದಲ್ಲಿ ಇನ್ನೊಂದು. ನಾಗೇಶ್ ಬೆರಳು ಮಡಿಸುತ್ತ ಹೋದರು. ಎಣಿಕೆ ಹನ್ನೊಂದಕ್ಕೆ ನಿಂತಿತು. ಬಹಳ ಹೊತ್ತು ಏನೂ ಏಳಲಿಲ್ಲ. ಅವರು ಪೆನ್ನು ತೆಗೆದು ಹನ್ನೊಂದು ಎಂದು ಬರೆಯಲು ಹೊರಟಾಗ ಚಿಕ್ಕರಂಗಯ್ಯ ಅವರ ತೋಳು ಹಿಡಿದರು.

"ತಡೀರಿ ಸಾ. ಆ ಮೂಲೇಲಿ ಮಳ್ಳು ಅಲ್ಲಾಡ್ತಾ ಐತೆ."

ಹನ್ನೆರಡನೆಯದು ಎದ್ದಿತು. ನಾಗೇಶ್ 'ತಾಯಿ ಒಂದು, ಮರಿ ಹನ್ನೆರಡು' ಎಂದು ಬರೆದು, ಭೂಮಿಕಾ ಅವರಿಂದ ಸಹಿ ಹಾಕಿಸಿಕೊಂಡರು. ಡಿಸೆಂಬರಿನ ಹೊತ್ತಿಗೆ ಅವುಗಳಲ್ಲಿ ಒಂಬತ್ತು ಉಳಿದಿದ್ದವು, ತಾಯಿಯೂ ಚೆನ್ನಾಗಿತ್ತು. ಆದರೆ ಆವತ್ತು ಅದು ಯಾರಿಗೂ ಗೊತ್ತಿರಲಿಲ್ಲ. ರೂಪಶ್ರೀ ಇನ್ನೊಂದು ಹತ್ತು ನಿಮಿಷ ಇರುತ್ತೇನೆಂದು ಹೇಳಿ, ಜಾಲರಿಯ ಹತ್ತಿರ ಸರಿದು ಕೂತಳು. ಜೀಪಿನ ಡ್ರೈವರ್ ಎರಡು ಸಲ ಹಾರ್ನ್ ಮಾಡಿದ ಮೇಲೆ ಎದ್ದು ಸೀರೆಗೆ ಹತ್ತಿದ ಮರಳು ಕೊಡವಿಕೊಂಡಳು.